ನನ್ನ ಹೋಳಿಗೆ ಮತ್ತು ಟಾಕೀಸಿನ ದೆವ್ವ

ಅರವತ್ತರ ದಶಕ, ನಾನು ಮದುವೆಯಾಗಿ ದಾಂಡೇಲಿಗೆ ಬಂದ ವರ್ಷ. ಹಿರಿಯರಿಗೆ ಎಡೆ ಇಡುವ ಮಾರ್ನಮಿ ಅಮಾವಾಸ್ಯೆ ಬಂತೆಂದರೆ ಊರಿನ ತಗಡಿನ ಟಾಕೀಸಿನಲ್ಲಿ ವಾರವಿಡೀ ಹಳೆಯ ದೆವ್ವದ ಸಿನಿಮಾಗಳದ್ದೇ ಆಟ. ಹಬ್ಬದ ಮಧ್ಯಾಹ್ನ ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು. ಪರದೆಯ ಮೇಲೆ ಬಿಳಿ ಸೀರೆಯ ದೆವ್ವ ಗೋಳೋ ಎಂದು ಅಳತೊಡಗಿತು. ಜನರೆಲ್ಲ ಕಣ್ಣು ಮುಚ್ಚಿಕೊಂಡರೆ ಅತ್ತೆ ಎದ್ದು ನಿಂತರು.

“ಪಾಪ, ಯಾರ ಮನಿ ಹಿರೇರೋ ಏನೋ! ಎಡಿ ಇಡಾಕ ಏನ ಧಾಡಿ ಇವರಿಗೆ? ಹಸದು ಅಳಾಕ ಹತ್ಯಾಳ.”

ಬೆಳಗಿನಿಂದ ಒಲೆಯ ಮುಂದೆ ಬೆಂದು ನಾನು ಮಾಡಿದ್ದ ಹೋಳಿಗೆ ಅವರ ಸೆರಗಿನ ಗಂಟಿನಲ್ಲಿತ್ತು. ಎರಡನ್ನು ಪರದೆಯ ಬುಡದಲ್ಲಿಟ್ಟು ಕೈಮುಗಿದು ಬಂದರು. ಆಟ ಮುಗಿದಾಗ ಹೋಳಿಗೆ ಮಾಯ. ಗೇಟ್‌ಕೀಪರ್ ಮೀಸೆಯ ತುಪ್ಪ ಒರೆಸಿಕೊಳ್ಳುತ್ತಿದ್ದುದನ್ನು ನಾನು ಕಂಡೆ, ಅತ್ತೆ ಕಾಣಲಿಲ್ಲ.

ದೆವ್ವದ ಹೊಟ್ಟೆ ತುಂಬಿತೋ ಇಲ್ಲವೋ ನೋಡಲು ಮರುದಿನ ಅದೇ ಸಿನಿಮಾಕ್ಕೆ ಮತ್ತೆ ಹೋದೆವು. ಅದೇ ಜಾಗಕ್ಕೆ ಬಂದು ದೆವ್ವ ಅಷ್ಟೇ ಜೋರಾಗಿ ಗೋಳಿಟ್ಟಿತು. ಅತ್ತೆ ನನ್ನ ಕಡೆ ತಿರುಗಿ ಇಡೀ ಟಾಕೀಸಿಗೆ ಕೇಳುವಂತೆ ಅಂದರು:

“ತಿಂದ ಮ್ಯಾಲೂ ಅಳಾಕ ಹತ್ಯಾಳಂದ್ರ, ಹೋಳಿಗಿ ಹೆಂಗ ಮಾಡಿದ್ದಿ ನೀ?”