ನೀಲಿ ಉರಿ ಬರುವ ಮೊದಲೇ ಹೊರಟ ಬಸ್ಸು

1943ರಲ್ಲಿ ನಾನು ಬೈಂದೂರಿನಿಂದ ಕುಂದಾಪುರದ ಈಚೆಯ ಹೊಳೆದಂಡೆಯವರೆಗೆ ಓಡುತ್ತಿದ್ದ ಬಸ್ಸಿನ ಡ್ರೈವರ್ ಆಗಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬ್ರಹ್ಮಾವರದ ಒಂದು ರಿಪೇರಿ ಶೆಡ್ಡಿನಲ್ಲಿ ಏಳು ವರ್ಷ ಎಂಜಿನಿನ ಅಡಿ ಮಲಗಿ ಕೆಲಸ ಕಲಿತು, ಆಮೇಲೆ ಸ್ಟೇರಿಂಗ್ ಹಿಡಿದೆ. ಬೆಳಿಗ್ಗೆ ಆರೂವರೆಗೆ ಬೈಂದೂರು ಬಿಟ್ಟರೆ ಎಂಟೂವರೆಗೆ ಹೊಳೆದಂಡೆ. ಅಲ್ಲಿಂದ ಜನ ದೋಣಿಯಲ್ಲಿ ದಾಟಿ ಕುಂದಾಪುರ ಸೇರುತ್ತಿದ್ದರು. ನನ್ನ ಬಸ್ಸು ನೋಡಿ ಹೋಟೆಲಿನವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂಬ ಮಾತು ಆ ದಾರಿಯಲ್ಲಿತ್ತು. ನನಗೂ ಅದು ಕೇಳಲು ಹಿತವಾಗಿತ್ತು.

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್. ಬಸ್ಸು ಓಡುತ್ತಿದ್ದುದು ಇದ್ದಲಿನ ಗ್ಯಾಸಿನಿಂದ. ಈಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು. ಮೇಲಿನಿಂದ ಇದ್ದಲು ತುಂಬಿಸಿ ಕೆಳಗೆ ಬೆಂಕಿ ಹಾಕಬೇಕು. ಕೈಯಿಂದ ತಿರುಗಿಸುವ ಬ್ಲೋವರಿನಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಗಾಳಿ ಊದಬೇಕು. ಆಗ ಗ್ಯಾಸ್ ಹುಟ್ಟುತ್ತದೆ. ಸಣ್ಣ ನಲ್ಲಿಯೊಂದನ್ನು ತೆರೆದು ಅದರ ಬಾಯಿಗೆ ಕಡ್ಡಿ ಗೀರಿದರೆ ಗ್ಯಾಸಿನ ಗುಣ ತಿಳಿಯುತ್ತದೆ. ಉರಿ ಕೆಂಪಗೆ ಹಾರಾಡಿದರೆ ಇನ್ನೂ ಹಸಿ. ನೀಲಿಯಾಗಿ ನಿಂತರೆ ಸರಿ. ಎಂಜಿನನ್ನು ಚೂರು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಆಮೇಲೆ ಗ್ಯಾಸಿಗೆ ತಿರುಗಿಸುವುದು. ಅದಕ್ಕಾಗಿ ದಿನಕ್ಕೆ ಸಿಗುತ್ತಿದ್ದುದು ಒಂದು ಸಣ್ಣ ಬಾಟಲಿ ಪೆಟ್ರೋಲು.

ಮಾರ್ಗಶಿರದ ಚಳಿಯಲ್ಲಿ ಇಷ್ಟೇ ಸಾಲದು. ರಾತ್ರಿಯಿಡೀ ಮಂಜು ಕುಡಿದ ಎಂಜಿನಿನಲ್ಲಿ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ, ಹ್ಯಾಂಡಲ್ ತಿರುಗುವುದೇ ಇಲ್ಲ. ಆದ್ದರಿಂದ ರಾತ್ರಿ ರೇಡಿಯೇಟರಿನ ನೀರು ಖಾಲಿ ಮಾಡಿ, ಬೆಳಿಗ್ಗೆ ಬಿಸಿನೀರು ಹೊಯ್ಯುತ್ತಿದ್ದೆವು. ನೀರು ಬರುತ್ತಿದ್ದುದು ಬಸ್ಸು ನಿಲ್ಲುವಲ್ಲಿ ಎದುರಿಗಿದ್ದ ಪುಟ್ಟಕ್ಕನ ಬಚ್ಚಲಿನ ಹಂಡೆಯಿಂದ. ಪುಟ್ಟಕ್ಕ ಐವತ್ತು ದಾಟಿದ ವಿಧವೆ, ಹುಲ್ಲು ಹೊದಿಸಿದ ಮನೆಯಲ್ಲಿ ಒಂಟಿ ಹೆಂಗಸು. ಯಾರೂ ಕೇಳದಿದ್ದರೂ ಮೊದಲ ಚಳಿಗಾಲದಲ್ಲೇ ಎರಡು ಕೊಡ ಬಿಸಿನೀರು ತಂದಿಟ್ಟು, "ನಿಮ್ಮ್ ಬಸ್ಸಿಗೂ ಒಂದ್ ಮೀಯ್ಸಿ" ಅಂದಿದ್ದರು. ಅಂದಿನಿಂದ ಅದೇ ರೂಢಿಯಾಯಿತು.

ಅವರಿಗೇ ನೀರಿಗೆ ತಾಪತ್ರಯವಿತ್ತು. ಗಂಡನ ಅಣ್ಣನ ಮಕ್ಕಳು ಮನೆಯ ಬಾವಿಗೆ ಹೋಗುವ ದಾರಿಗೆ ಬೇಲಿ ಹಾಕಿದ್ದರು. ಗದ್ದೆಯಂಚು ಸುತ್ತಿ ಬೇರೆಯವರ ಬಾವಿಯಿಂದ ಹೊತ್ತು ತರಬೇಕಿತ್ತು. ದಾರಿ ಬಿಡಿಸಿಕೊಡಿ ಎಂದು ಕುಂದಾಪುರದ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದ್ದರು. ಅದರ ವಿಚಾರಣೆ ಡಿಸೆಂಬರಿನ ಒಂದು ಸೋಮವಾರ, ಹನ್ನೊಂದು ಗಂಟೆಗೆ. ಕೂಗಿದಾಗ ಇಲ್ಲದಿದ್ದರೆ ದಾವೆ ವಜಾ ಎಂದು ಅವರ ವಕೀಲರು ಹೇಳಿ ಕಳಿಸಿದ್ದರು.

ಆ ದಿನ ಆರು ಗಂಟೆಗೆ ನಾನು ಹೋಗುವಾಗಲೇ ಪುಟ್ಟಕ್ಕ ಬಸ್ಸಿನ ಬಳಿ ನಿಂತಿದ್ದರು. ಕಂಕುಳಲ್ಲಿ ಕಾಗದದ ಗಂಟು, ತಲೆಯ ಮೇಲೆ ಸೆರಗು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

"ಡೈವರ್ರೇ, ಇವತ್ತ್ ಬಿಸಿನೀರ್ ಇಲ್ಲೆ. ಒಲಿ ಹೊತ್ಸ್ಲಿಲ್ಲೆ. ನಾ ಹೊರ್ಟ್ರೆ ಮನೆಗ್ ಯಾರೂ ಇಲ್ಲೆ, ಹುಲ್ಲಿನ ಮಾಡ್ ಕಾಣಿ. ಕಿಡಿ ಹಾರಿರೆ ಎಂತ ಮಾಡುದ್? ನಾನೂ ತಣ್ಣೀರಂಗೇ ಮಿಂದ್ ಬಂದೆ."

ಕಂಡಕ್ಟರ್ ಮಂಜಣ್ಣ, ನನಗಿಂತ ಹತ್ತು ವರ್ಷ ಹಿರಿಯ, ಬ್ಲೋವರ್ ತಿರುಗಿಸುತ್ತಿದ್ದ. ಇದ್ದಲೂ ಹಸಿಯಾಗಿತ್ತು. ಗುಲ್ವಾಡಿ ಕಡೆಯಿಂದ ದೋಣಿಯಲ್ಲಿ ಬಂದ ಚೀಲ, ದೋಣಿಯ ತಳದ ನೀರು ಕುಡಿದಿತ್ತು. ಎತ್ತಿದಾಗಲೇ ಭಾರ ನನ್ನ ಕೈಗೆ ತಿಳಿದಿತ್ತು. ಆರೂವರೆಯಾದರೂ ನಲ್ಲಿಯ ಉರಿ ಕೆಂಪಗೇ ಹಾರಾಡುತ್ತಿತ್ತು. ಇನ್ನೊಂದು ಇಪ್ಪತ್ತು ನಿಮಿಷ ಬೇಕಿತ್ತು.

ಬಸ್ಸಿನೊಳಗೆ ಒಬ್ಬ ಕೊಬ್ಬರಿ ವ್ಯಾಪಾರಿ ಕೂತಿದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಹ್ವಾಯ್ ಡೈವರ್ರೇ, ಅಕ್ಕಿ ಬೇಯುಕ್ ಇಟ್ಟದ್ದಾ? ಗಂಜಿ ಆರೆ ನಂಗೂ ಒಂದ್ ಬಟ್ಲ್ ಕೊಡಿ!"

ಬಸ್ಸೆಲ್ಲ ನಕ್ಕಿತು. ಅವನು ಅಷ್ಟಕ್ಕೇ ಬಿಡಲಿಲ್ಲ. "ಗಡಿಯಾರದ್ ಡೈವರ್ ಅಂಬ್ರಲೆ ನಿಮ್ಗೆ? ಗಡಿಯಾರ ಇವತ್ತ್ ನಿಂತಿತ್ತಾ?"

ಮಂಜಣ್ಣ ಬ್ಲೋವರ್ ನಿಲ್ಲಿಸದೆಯೇ ಹೇಳಿದ: "ಅವ್ ಎಂತ ಬೇಕಾರೂ ಹೇಳ್ಲಿ. ಉರಿ ಇನ್ನೂ ನೀಲಿ ಆಯ್ಲಿಲ್ಲೆ ಮಾರಾಯಾ."

"ದಾರಿಯಂಗ್ ಆತ್ತ್. ಹತ್ತ್ ನೀನ್" ಅಂದೆ.

ಪುಟ್ಟಕ್ಕನಿಗೆ ತಡವಾಗಬಾರದು ಎಂದು ನಾನು ಹೊರಟೆ, ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಆ ನಗೆ ನನ್ನ ಕಿವಿಯಲ್ಲಿತ್ತು.

ತಣ್ಣಗಿನ ಎಂಜಿನು ಗ್ಯಾಸನ್ನು ಹಿಡಿಯಲಿಲ್ಲ. ನಾಲ್ಕು ಸುತ್ತು ತಿರುಗಿ ಸಾಯುವಂತಾದಾಗ ಪೆಟ್ರೋಲಿಗೆ ತಿರುಗಿಸುವುದು, ಚೇತರಿಸಿದರೆ ಮತ್ತೆ ಗ್ಯಾಸಿಗೆ. ಹೀಗೆ ಕಳ್ಳಾಟವಾಡಿಸುತ್ತ ಉಪ್ಪುಂದ ದಾಟಿಸಿದೆ. ಕಿರಿಮಂಜೇಶ್ವರದ ಹತ್ತಿರದ ಸಣ್ಣ ಏರಿನಲ್ಲಿ ಬಾಟಲಿಯ ಪೆಟ್ರೋಲು ಮುಗಿಯಿತು. ಎಂಜಿನು ಎರಡು ಸಲ ಕೆಮ್ಮಿ ನಿಂತಿತು.

ಬಾನೆಟ್ ತೆಗೆದು ಪ್ಲಗ್ ಬಿಚ್ಚಿದರೆ ಹಸಿ ಗ್ಯಾಸಿನ ನೀರೂ ಡಾಂಬರೂ ಸೇರಿ ಕರಿ ಅಂಟು. ಎಲ್ಲವನ್ನೂ ತೊಳೆದು ಒಣಗಿಸಬೇಕು. ಪೆಟ್ರೋಲಿಲ್ಲದೆ ಬರಿ ಗ್ಯಾಸಿನಲ್ಲೇ ಸ್ಟಾರ್ಟ್ ಆಗಬೇಕು. ಅಂದರೆ ಉರಿ ಪೂರ್ತಿ ನೀಲಿಯಾಗಲೇಬೇಕು. ಕೊಬ್ಬರಿ ವ್ಯಾಪಾರಿ ಇಳಿದು ನಡೆದುಕೊಂಡು ಹೋದ. ಪುಟ್ಟಕ್ಕ ಮಾತ್ರ ರಸ್ತೆ ಬದಿಯ ಹೋಟೆಲಿಗೆ ಹೋಗಿ, ಚಹಾದ ಹಂಡೆಯಿಂದ ಬಿಸಿನೀರು ಕೇಳಿ, ಕೊಡ ಹೊತ್ತು ಬಂದರು.

"ಹೊಯ್ಯಿ" ಅಂದರು. "ಈಗಾರೂ ಸಮಾ ಕಾಯ್ಲಿ. ಮೂರ್ ವರ್ಷ ಇದ್ಕ್ ನೀರ್ ಹೊತ್ತ್ ಹಾಕಿದ್ದೆ. ಎಷ್ಟ್ ಹೊತ್ತ್ ಬೇಕ್ ಅಂದೇಳಿ ನಂಗೇ ಗೊತ್ತಿತ್ತ್. ನಿಮ್ಗ್ ಗೊತ್ತಿಲ್ಯಾ?"

ನಾನು ನೀರು ಹೊಯ್ದು ಪ್ಲಗ್ ತೊಳೆಯಲು ಕೂತೆ. ಎರಡೂವರೆ ಗಂಟೆ ಹೋಯಿತು. ಬೈಂದೂರಿನಲ್ಲಿ ಇಪ್ಪತ್ತು ನಿಮಿಷ ಕಾಯದ್ದಕ್ಕೆ ಎರಡೂವರೆ ಗಂಟೆ. ಪುಟ್ಟಕ್ಕ ಹೊಳೆ ದಾಟಿ ಕೋರ್ಟಿಗೆ ಓಡುವಷ್ಟರಲ್ಲಿ ಹನ್ನೊಂದೂವರೆ. ದಾವೆ ವಜಾ ಆಗಿತ್ತು.

ಅವರ ವಕೀಲರು ದಾವೆಯನ್ನು ಮತ್ತೆ ತೆಗೆದುಕೊಳ್ಳಬೇಕೆಂದು ಅರ್ಜಿ ಹಾಕಿದರು. ಬಸ್ಸು ಕೆಟ್ಟದ್ದಕ್ಕೆ ಸಾಕ್ಷಿ ಬೇಕು. ನನ್ನನ್ನು ಕರೆದರು. ಬಸ್ಸಿನ ಧಣಿಗಳು ಹಿಂದಿನ ದಿನವೇ ಹೇಳಿಬಿಟ್ಟಿದ್ದರು: "ಬಸ್ಸ್ ಹಾಳ್ ಅಂದೇಳಿ ಕೋರ್ಟಂಗ್ ಹೇಳ್ರೆ ಪರ್ಮಿಟ್ಟಿಗೇ ಕುತ್ತ್. ನೆನಪಿಲ್ಲೆ ಅಂದ್ಬಿಡ್."

ನಾನು ಅದುವರೆಗೆ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಎದುರು ಪಕ್ಷದ ವಕೀಲರು ಎದ್ದು ನಿಂತು ಕೇಳಿದರು: "ದಿನಾಲೂ ಹೊತ್ತಿಗೆ ಸರಿಯಾಗಿ ಬರುವ ಬಸ್ಸು ನಿನ್ನದು. ಅವತ್ತು ಮಾತ್ರ ಹೇಗೆ ಕೆಟ್ಟಿತು? ಈಕೆ ಮನೆಯಿಂದ ತಡವಾಗಿ ಬಂದಳು. ಪರಿಚಯದವಳೆಂದು ನೀನು ಬಸ್ಸು ನಿಲ್ಲಿಸಿ ಕಾದೆ. ಹೌದೋ ಅಲ್ಲವೋ?"

ಹೊತ್ತಿಗೆ ಸರಿಯಾದವನೆಂಬ ನನ್ನ ಹೆಸರನ್ನೇ ನನ್ನ ಮೇಲೆ ಎಸೆದಿದ್ದರು. ಬಸ್ಸು ಕೆಟ್ಟಿರಲಿಲ್ಲ ಎಂದರೆ ಪುಟ್ಟಕ್ಕ ತಡಮಾಡಿದ ಹಾಗಾಗುತ್ತದೆ. ಬಸ್ಸು ಕೆಟ್ಟಿತ್ತು ಎಂದರೆ ಸುಳ್ಳಾಗುತ್ತದೆ. ಆ ಬಸ್ಸಿನಲ್ಲಿ ಏನೂ ಕೆಟ್ಟಿರಲಿಲ್ಲ.

"ಅಲ್ಲ ಸ್ವಾಮಿ" ಅಂದೆ. "ಅವ್ರ್ ನಂಗಿಂತ ಮುಂಚೆ ಬಂದ್ ನಿಂತಿದ್ರ್. ಬಸ್ಸಿನ್ ತಪ್ಪೂ ಅಲ್ಲ, ತಪ್ಪ್ ನಂದ್. ಉರಿ ನೀಲಿ ಆಪುಕ್ ಮುಂಚೆ ಗಾಡಿ ಹೊರ್ಡ್ಸಿದೆ."

ಮುನ್ಸೀಫರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಆಗಿಲ್ಲವೆಂದು ಗೊತ್ತಿದ್ದೂ ಹೊರಡಿಸಿದೆಯಾ?"

"ಗೊತ್ತಿದ್ದೇ ಸ್ವಾಮಿ."

ಅದನ್ನೂ ಬರೆದುಕೊಂಡರು. ದಾವೆಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡರು. ಧಣಿಗಳು ನನ್ನನ್ನು ಒಂದು ತಿಂಗಳು ಬಸ್ಸಿನಿಂದ ಇಳಿಸಿ ಶೆಡ್ಡಿಗೆ ಹಾಕಿದರು. ಅದು ನ್ಯಾಯವೇ ಎಂದು ನನಗೆ ಈಗಲೂ ಅನಿಸುತ್ತದೆ.

ತಿಂಗಳ ನಂತರ ಬೈಂದೂರಿಗೆ ಮರಳಿದ ಬೆಳಿಗ್ಗೆ ಎರಡು ಕೊಡ ಬಿಸಿನೀರು ಬಸ್ಸಿನ ಪಕ್ಕದಲ್ಲಿತ್ತು. ಪುಟ್ಟಕ್ಕ ನಲ್ಲಿಯ ಹತ್ತಿರ ಬಗ್ಗಿ, ಉರಿ ನೋಡಿ, "ಇನ್ನೂ ಕೆಂಪ್ ಇತ್ತ್. ಕೂಕಣಿ" ಅಂದರು. ಕೂತೆ. ಬಸ್ಸಿನೊಳಗಿಂದ ಯಾರೋ ಏನೋ ಕೂಗಿದರು. ಮಂಜಣ್ಣ ನನ್ನ ಮುಖ ನೋಡಿ ನಕ್ಕು ಬ್ಲೋವರ್ ತಿರುಗಿಸುತ್ತಲೇ ಇದ್ದ.

ಗಾಡಿ ನಿಂತಿರುವ ಹೊತ್ತೂ ಡ್ರೈವರನ ಕೆಲಸದ ಹೊತ್ತೇ ಎಂದು ಕಲಿಯಲು ನನಗೆ ಇನ್ನೊಬ್ಬರ ದಾವೆ ಬೇಕಾಯಿತು. ಮುಂದಿನ ವರ್ಷ ಕೋರ್ಟಿನವರು ಪುಟ್ಟಕ್ಕನ ದಾರಿಯ ಬೇಲಿ ತೆಗೆಸಿದರು. ಬಾವಿ ಹತ್ತಿರವಾಯಿತು. ಆ ಚಳಿಗಾಲದಲ್ಲಿ ಬಿಸಿನೀರು ನನಗಿಂತ ಮೊದಲೇ ಬಂದು, ಹಬೆಯಾಡುತ್ತ ಕಾದಿರುತ್ತಿತ್ತು.