ಬಟಾಟೆ ರಸದ ದಸ್ತಗೀರ ಸರ್

ದಸ್ತಗೀರ ಸರ್ ಅವರ ಕೋಟಿನ ಒಂದು ಕಿಸೆಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಬಟಾಟೆ. ಬಬಲೇಶ್ವರದ ಸಂತೆಯಲ್ಲಿ ಅವರು ಒಂದೊಂದನ್ನೂ ಉಗುರಿನಿಂದ ಗೀರಿ, ಮೂಸಿ ಆರಿಸುವಾಗ ಮಾರುವವಳು, "ಪಲ್ಯಾಕ ಒಯ್ತೀರೋ, ಕನ್ಯಾ ನೋಡಾಕತ್ತೀರೋ?" ಎಂದು ಕೇಳುತ್ತಿದ್ದಳಂತೆ.

ಅರವತ್ತರ ದಶಕದ ಆರಂಭ. ಬಿಜಾಪುರದ ಕಾಲೇಜಿನಲ್ಲಿ ಅವರು ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ತರಗತಿಯಲ್ಲಿ ಹುಡುಗಿಯೆಂದರೆ ನಾನೊಬ್ಬಳೇ. ಪಿಷ್ಟವೆಂದರೆ ಸಕ್ಕರೆಯ ಕಣಗಳ ಉದ್ದನೆಯ ಸರ. ಅದನ್ನು ಗಿಡದ ಹೊರಗೆ, ಗಾಜಿನ ನಳಿಕೆಯಲ್ಲಿ ಕಟ್ಟಿಸಿ ತೋರಿಸಬೇಕೆಂಬುದು ಅವರ ಹುಚ್ಚು.

"ಬಟಾಟಿ ರಸದಾಗ ಕಿಣ್ವ ಅಂತ ಒಬ್ಬ ಪತ್ತಾರ ಅದಾನ. ಸಕ್ರಿ ಮಣಿ ಕೊಟ್ರ ಸಾಕು, ಕುಂತಲ್ಲೇ ಸರಾ ಪೋಣಿಸತಾನ" ಎನ್ನುತ್ತಿದ್ದರು. ಪತ್ತಾರನೆಂದರೆ ನಮ್ಮ ಕಡೆ ಅಕ್ಕಸಾಲಿಗ.

ಆ 'ಮಣಿ', ಅಂದರೆ ಫಾಸ್ಫೇಟ್ ಅಂಟಿದ ಗ್ಲೂಕೋಸಿನ ಪುಡಿ, ಮುಂಬಯಿಯಿಂದ ಬರಲು ತಿಂಗಳುಗಳೇ ಹಿಡಿದವು. ಸ್ಟಾಫ್ ರೂಮಿನಲ್ಲಿ ನಗುವವರಿಗೆ ಅಷ್ಟು ಸಾಕಾಗಿತ್ತು. ಪ್ರಯೋಗದ ದಿನ ಪ್ರಿನ್ಸಿಪಾಲರೇ ಬಂದು ಕುಳಿತರು. ಸರ್ ಬಟಾಟೆ ತುರಿದು, ರಸ ಹಿಂಡಿ, ಬಟ್ಟೆಯಲ್ಲಿ ಸೋಸಿ, ಪುಡಿ ಬೆರೆಸಿದರು. ಪಿಷ್ಟವಿದ್ದರೆ ಅಯೋಡಿನ್ ನೀಲಿಯಾಗುತ್ತದೆ. ಒಂದು ಹನಿ ಬಿದ್ದದ್ದೇ ತಡ, ಕಡುನೀಲಿ! ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಸರ್ ಮುಖ ಮಾತ್ರ ಹುಳ್ಳಗಾಯಿತು.

"ಚಪ್ಪಾಳಿ ನಿಲ್ಲಿಸ್ರಿ. ಇಷ್ಟ ಲಗೂ ಆಗಂಗಿಲ್ಲ. ಇದು ಬಟಾಟಿದೇ ಹಳೇ ಗಂಜಿ. ನಾ ಸೋಸಿದ್ದು ಕಚ್ಚಾ ಆಗೇತಿ."

"ಸುಮ್ನಿದ್ದಿದ್ರ ಯಾರಿಗೆ ಗೊತ್ತಾಗ್ತಿತ್ರಿ?" ಎಂದರು ಪ್ರಿನ್ಸಿಪಾಲರು, ಮೆಲ್ಲಗೆ.

"ನನಗ ಗೊತ್ತಾಗೇತಲ್ರಿ!"

ಮರುದಿನ ಪ್ರಿನ್ಸಿಪಾಲರು ಬರಲಿಲ್ಲ. ಸರ್ ಕೈಯಿಂದ ತಿರುಗಿಸುವ ಯಂತ್ರದಲ್ಲಿ ರಸವನ್ನು ಗಿರಗಿರನೆ ಸುತ್ತಿಸಿ, ಹಳೆಯ ಪಿಷ್ಟವನ್ನು ತಳಕ್ಕಿಳಿಸಿ, ತಿಳಿಯನ್ನಷ್ಟೇ ತೆಗೆದು ಪುಡಿ ಬೆರೆಸಿದರು. ಮೊದಲ ಹನಿಗೆ ಹಳದಿ. ಐದು ನಿಮಿಷಕ್ಕೂ ಹಳದಿ. ಆಮೇಲೆ ನಸುನೇರಳೆ, ನೋಡುತ್ತ ನೋಡುತ್ತ ನೀಲಿ. ಸರ್ ಕುಣಿದೇ ಬಿಟ್ಟರು. ಒಂದು ಚಪ್ಪಲಿ ಕಪಾಟಿನ ಕೆಳಗೆ ಹೋಯಿತು.

ಮುಂದೆ ನಾನು ತಿಕೋಟಾದಲ್ಲಿ ಶಿಕ್ಷಕಿಯಾದೆ. ಸರ್ ಕೊಟ್ಟ ಚಿಟಿಕೆ ಪುಡಿಯಿಂದ ಅದೇ ಪ್ರಯೋಗ ಮಾಡಿದರೆ ನೀಲಿ ಬರಲೇ ಇಲ್ಲ, ಮಕ್ಕಳು ನಕ್ಕರು. ಬಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸರ್ ಸಿಕ್ಕಾಗ ನಾನು ಅಳುವುದೊಂದು ಬಾಕಿ.

"ಕೆಟ್ಟಿತೇನವಾ? ಭೇಷ್!" ಅವರು ಹಿಗ್ಗಿದರು. "ಯಾಕ ಕೆಟ್ಟಿತು, ಹುಡುಕು. ನಾ ಹೇಳಂಗಿಲ್ಲ. ಸಿಕ್ಕ ಮ್ಯಾಲ ಮನಿಗೆ ಬಂದು ಹೇಳು." ಅಷ್ಟರಲ್ಲಿ ಅವರ ಬಸ್ಸು ಹೊರಟಿತ್ತು, ಕೂಗುತ್ತ ಓಡಿ ಹತ್ತಿದರು.

ಕಾರಣ ಹೊಳೆಯಲು ನನಗೊಂದು ಬೇಸಿಗೆ ಬೇಕಾಯಿತು. ಬೇಗ ಆಗಲೆಂದು ರಸವನ್ನು ಸ್ಟೋವಿನ ಮೇಲೆ ಬಿಸಿ ಮಾಡಿದ್ದೆ. ಆ ಬಿಸಿಗೆ ಕಿಣ್ವ ಕೆಟ್ಟುಹೋಗಿತ್ತು. ಹೇಳಲೆಂದು ಬಬಲೇಶ್ವರದ ಅವರ ಮನೆಗೆ ಹೋದೆ. ಬಾಗಿಲು ತೆರೆದ ಅವರ ಹೆಂಡತಿ, "ಅವರು ಹೋಗಿ ತಿಂಗಳಾತವಾ" ಎಂದರು.

ಒಳಗೆ ಕರೆದು ಚಹಾ ಕೊಟ್ಟರು. ಅವರಿಗೇ ಎಲ್ಲವನ್ನೂ ಹೇಳಿದೆ. ಕಡೆಯವರೆಗೂ ಕೇಳಿದರು.