ಶೇಂಗಾ ಇಳಿಸುವ ಹೊತ್ತು

ನಿನ್ನೆ ಸಂಜೆ ಸೇಡಂನ ನನ್ನ ಬಾಡಿಗೆ ಮನೆಯಲ್ಲಿ ಶೇಂಗಾ ಹುರಿಯಲು ಒಲೆಯ ಮೇಲೆ ಹಂಚು ಇಟ್ಟು, ಕೈಯಲ್ಲಿ ಫೋನು ಹಿಡಿದು ಮೈಮರೆತೆ. ಮೊದಲು ಹಸಿ ವಾಸನೆ, ಆಮೇಲೆ ಬಾಯಲ್ಲಿ ನೀರೂರಿಸುವ ಘಮ, ಕೊನೆಗೆ ಸೀದ ಕಮಟು. ಒಲೆ ಆರಿಸುವುದನ್ನೂ ಬಿಟ್ಟು ನಿಂತೆ. ಚಿತ್ತಾಪುರದ ಖಾನಾವಳಿ ಅಕ್ಕ ನೆನಪಾದರು...

ಆಗ ನಾನು ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಒಂಟಿ ಮನುಷ್ಯ, ಎರಡು ಹೊತ್ತಿನ ಊಟ ಅಕ್ಕನ ಖಾನಾವಳಿಯಲ್ಲಿ. ನಾಲ್ಕೇ ಟೇಬಲ್ಲು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಗಂಡ ತೀರಿಕೊಂಡ ಮೇಲೆ ಅವರೂ ಒಬ್ಬರೇ. ಊಟಕ್ಕೆ ಬಂದವರು ಹೋದ ಮೇಲೆ ಆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ನನ್ನ ಕೋಣೆಯಲ್ಲಂತೂ ಮೊದಲಿನಿಂದಲೂ ಇರಲಿಲ್ಲ. ಹಾಗಾಗಿ ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತಿದ್ದೆ.

ಅಕ್ಕನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮೂಗು ಕಟ್ಟುವುದು, ಒಳಗೆ ಹಕ್ಕಳೆ, ಆಗಾಗ ರಕ್ತ. ಈ ಕಡೆ ಸಿಮೆಂಟ್ ಕಾರ್ಖಾನೆಗಳ ಧೂಳಿಗೆ ಎಲ್ಲರ ಮೂಗೂ ಹಾಗೇ ಎಂದು ವರ್ಷ ಕಳೆದಿದ್ದರು. ಕಫದಲ್ಲೂ ರಕ್ತ ಬಂದಾಗ ಕ್ಷಯವೆಂದು ಗುಳಿಗೆ ನುಂಗಿದರು, ಗುಣವಾಗಲಿಲ್ಲ. ಕೊನೆಗೆ ಹೈದರಾಬಾದಿನ ದೊಡ್ಡ ಡಾಕ್ಟರು ರಕ್ತದಲ್ಲಿ ಬೇರೆಯೇ ಒಂದು ಪರೀಕ್ಷೆ ಮಾಡಿಸಿ, ಸಣ್ಣ ರಕ್ತನಾಳಗಳಿಗೆ ಬಾವು ಬಂದಿದೆ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ರೋಗವಂತೆ. "ಬೇಲಿನೇ ಎದ್ದು ಹೊಲಾ ಮೇಯಾಕತ್ತದ ತಮ್ಮಾ," ಎಂದು ಅಕ್ಕ ನಕ್ಕಿದ್ದರು. ಆ ಹೊತ್ತಿಗೆ ಅವರ ಮೂಗಿನ ನಡು ಎಲುಬು ಕುಸಿದಿತ್ತು. ಹೊಸಬರು ಊಟಕ್ಕೆ ಬಂದರೆ ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದರು.

ಅವರು ಹುರಿಯುವ ಶೇಂಗಾ ಸೀಯದಂತೆ ವಾಸನೆ ಹಿಡಿದು ಕಾಯುವ ಕೆಲಸ ನನಗೆ ಬಂತು. "ತಮ್ಮಾ, ನೋಡೋ ಇಷ್ಟ," ಎಂದು ಒಳಗಿನಿಂದ ಕೂಗುವರು. ನಾನು ಮೂಗೆತ್ತಿ, ಹದ ಬಂದ ಕೂಡಲೇ "ಅಕ್ಕಾ, ಇಳಸ್ರಿ!" ಎನ್ನುತ್ತಿದ್ದೆ. "ನಿನ್ನ ಮೂಗಿನ ಮ್ಯಾಲ ನನ್ನ ಖಾನಾವಳಿ ನಡದದ ನೋಡು," ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುವರು. ಲಗ್ನಕ್ಕೆ ಹೆಣ್ಣು ನೋಡಲು ಹೋದರೂ ಹೀಗೇ ಮೂಗೆತ್ತಿ ಕೂರುತ್ತೀಯಾ ಎಂದು ಕಾಡಿಸುವರು.

ಹೈದರಾಬಾದಿನಲ್ಲಿ ಆರು ತಿಂಗಳಿಗೊಮ್ಮೆ ಸಲೈನಿನ ಹಾಗೆ ಔಷಧಿ ಏರಿಸುತ್ತಿದ್ದರು. ಮನೆಯಲ್ಲಿ ಸ್ಟಿರಾಯ್ಡ್ ಗುಳಿಗೆ. ಅದನ್ನು ಡಾಕ್ಟರೇ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ತಾವಾಗಿ ಬಿಡುವಂತಿಲ್ಲ. ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ, ಯಾಕೆಂದರೆ ರೋಗ ಮರಳಿ ಬಂದು ಕಿಡ್ನಿಗೆ ಇಳಿದರೆ ಮೈಗೆ ಗೊತ್ತಾಗುವ ಮೊದಲು ಅಲ್ಲಿ ಗೊತ್ತಾಗುತ್ತದೆ. ಇದೆಲ್ಲ ಬರೆದ ಇಂಗ್ಲಿಷ್ ಚೀಟಿಯನ್ನು ಅಕ್ಕನಿಗೆ ಓದಿ ಹೇಳಿದವನು ನಾನೇ. ಅದನ್ನು ಮರೆಯಲು ಆಗುವುದಿಲ್ಲ.

ಮೂತ್ರದ ಬಾಟ್ಲಿ ಹಿಡಿದು ಲ್ಯಾಬಿಗೆ ಹೋಗಲು ಅಕ್ಕನಿಗೆ ನಾಚಿಕೆ. ನಾನು ಒಯ್ಯುತ್ತೇನೆ ಎಂದೆ. ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಒಮ್ಮೆ ಕಚೇರಿಯಲ್ಲಿ ಅದು ಹೊರಗೆ ಬಿದ್ದು, ಎಲ್ಲರೂ ನನಗೆ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಿಬಿಟ್ಟರು. ಅಂದಿನಿಂದ ನನಗೂ ನಾಚಿಕೆ ಹತ್ತಿತು.

ಸ್ಟಿರಾಯ್ಡ್ ಗುಳಿಗೆಗೆ ಅಕ್ಕನ ಮುಖ ಊದಿ ದುಂಡಗಾಯಿತು. ನಮ್ಮ ಕಡೆ ಸೊರಗಿದವರನ್ನು ಕಂಡರೆ ಮರುಗುತ್ತಾರೆ, ಮುಖ ತುಂಬಿದವರನ್ನು ಕಂಡರೆ ಆರಾಮಾದರು ಎನ್ನುತ್ತಾರೆ. ಶಹಾಬಾದಿನಲ್ಲಿದ್ದ ಅವರ ಅಣ್ಣನ ಮನೆಯ ಲಗ್ನಕ್ಕೆ ಹೋದಾಗ ಬೀಗರೆಲ್ಲ ಹಾಗೇ ಅಂದರಂತೆ. ಅಕ್ಕ ಹಿಗ್ಗಿಕೊಂಡು ಬಂದಿದ್ದರು. ನಾನೂ ಬಾಯಿ ಸುಮ್ಮನಿಟ್ಟುಕೊಳ್ಳಲಿಲ್ಲ. "ಭಾಳ ಛಲೋ ಕಾಣಾಕತ್ತೀರಿ ಅಕ್ಕಾ," ಎಂದೆ.

"ಹೌದಲ್ಲ? ದಿನಕ್ಕ ಒಂದ ಗುಳಿಗಿ ಉಳದಿತ್ತು, ಅದನ್ನೂ ಬಿಟ್ಟೀನಿ. ಈ ತಿಂಗಳ ಬಾಟ್ಲಿನೂ ಬ್ಯಾಡ ಬಿಡು."

ನಾನು ತಲೆ ಬಗ್ಗಿಸಿ ರೊಟ್ಟಿ ಮುರಿದೆ. ನಿಜ ಹೇಳಬೇಕೆಂದರೆ, ಬಾಟ್ಲಿ ಒಯ್ಯುವುದು ತಪ್ಪಿತೆಂದು ಹಗುರಾಯಿತು. ಮುಂದಿನ ತಿಂಗಳೂ ಕೇಳಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಅವರ ಪಾದ ಊದಿದ್ದು ಕಂಡಿತ್ತು. ಒಲೆಯ ಮುಂದೆ ನಿಂತು ನಿಂತು ಊದಿರಬೇಕು ಎಂದುಕೊಂಡೆ.

ನಾಲ್ಕನೇ ತಿಂಗಳು ಉಸಿರು ಕಟ್ಟಿ ಬಿದ್ದರು. ಅವರ ಅಣ್ಣ ಬಂದು ಕಲಬುರಗಿಗೆ ಒಯ್ದರು. ಕಿಡ್ನಿ ಎರಡೂ ನಿಲ್ಲುವ ಹಂತದಲ್ಲಿದ್ದವು, ಎದೆಯಲ್ಲಿ ರಕ್ತ ಸೋರುತ್ತಿತ್ತು. ಡಯಾಲಿಸಿಸ್ ನಡೆದಿತ್ತು, ಔಷಧಿಯನ್ನೂ ಮತ್ತೆ ಶುರು ಮಾಡಿದ್ದರು. ರವಿವಾರ ನೋಡಲು ಹೋದೆ. ಮಂಚದ ಪಕ್ಕ ಕೂತೆ.

"ಅಕ್ಕಾ, ನಾ ಕೇಳಬೇಕಿತ್ತರಿ."

"ನಾ ಹೇಳಬೇಕಿತ್ತೋ ತಮ್ಮಾ. ಮೂಗಿನಾಗ ರಕ್ತ ಬರಾಕತ್ತಿತ್ತು ಮತ್ತ... ಇರ್ಲಿ. ಉಂಡೀಯಿಲ್ಲೊ?"

ಉಂಡೆ ಎಂದು ಸುಳ್ಳು ಹೇಳಿದೆ. ಆ ವಾರವೇ ಹೋದರು. ಶಹಾಬಾದಿನಲ್ಲಿ ಮಣ್ಣು ಮಾಡಿದರು, ನಾನೂ ಒಂದು ಹಿಡಿ ಹಾಕಿ ಬಂದೆ. ಖಾನಾವಳಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನನಗೆ ಸೇಡಂಗೆ ವರ್ಗವಾಯಿತು. ಇಲ್ಲಿ ಯಾರ ಖಾನಾವಳಿಗೂ ಹೋಗಲು ಮನಸ್ಸಾಗದೆ ಕೈ ಸುಟ್ಟುಕೊಂಡು ನಾನೇ ಬೇಯಿಸಿಕೊಳ್ಳುತ್ತೇನೆ. ಉಂಡೆಯಾ ಎಂದು ಕೇಳುವವರಿಲ್ಲ.

ನಿನ್ನೆ ಹೊಗೆ ಕಣ್ಣಿಗೆ ಬಂದ ಮೇಲೆ ಎಚ್ಚರವಾಗಿ, "ಅಕ್ಕಾ, ಇಳಸ್ರಿ!" ಎಂದು ಕೂಗಿಬಿಟ್ಟೆ. ನನ್ನ ದನಿಗೆ ನಾನೇ ಬೆಚ್ಚಿದೆ. ಶೇಂಗಾ ಕರಿ ಇದ್ದಿಲಾಗಿತ್ತು. ಆ ಮೂರು ತಿಂಗಳಲ್ಲಿ ಒಂದೇ ಒಂದು ದಿನ ಇಷ್ಟು ಗಟ್ಟಿಯಾಗಿ ಕೇಳಿದ್ದರೆ ಸಾಕಿತ್ತು, ಅಕ್ಕಾ, ಬಾಟ್ಲಿ ಎಲ್ಲಿ ಎಂದು.